ಹಗ್ಗ ಕಟ್ಟುವ ಮೊದಲು ಹಿಂದಿನ ಕಾರಿನಲ್ಲಿ ಕೂರುವುದು ಯಾರೆಂದು ನೋಡಿ

ನಮ್ಮಲ್ಲಿ ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಮೊದಲ ಫೋನು ಹೋಗುವುದು ಕ್ರೇನಿನವನಿಗಲ್ಲ, ಪಿಕಪ್ ಇರುವ ಭಾವನಿಗೆ. ಭಾವ ಬರುತ್ತಾನೆ, ಸೀಟಿನಡಿಯಿಂದ ಹಗ್ಗ ತೆಗೆಯುತ್ತಾನೆ, "ಗ್ಯಾರೇಜಿಗೆ ಎಷ್ಟು ದೂರ ಉಂಟು, ಎಳ್ಕೊಂಡು ಹೋಗುವ" ಅನ್ನುತ್ತಾನೆ. ಹಿಂದಿನ ಕಾರಿನ ಸ್ಟೇರಿಂಗ್ ಹಿಡಿಯಲು ಮನೆಯ ಹುಡುಗನೊಬ್ಬನನ್ನು ಕೂರಿಸುತ್ತೇವೆ. ಎಂಜಿನ್ ಇಲ್ಲವಲ್ಲ, ಸುಮ್ಮನೆ ತಿರುಗಿಸಿದರೆ ಸಾಕು ಎಂಬ ಧೈರ್ಯ.

ಕಳೆದ ಮಳೆಗಾಲ ಉಪ್ಪಿನಂಗಡಿ ಕಡೆಯಿಂದ ಬರುವಾಗ ನಮ್ಮ ಸಣ್ಣ ಕಾರಿಗೂ ಹೀಗೇ ಆಯಿತು. ಕೂತದ್ದು ತಂಗಿಯ ಮಗ, ಲೈಸೆನ್ಸ್ ಇನ್ನೂ ಆಗಿರಲಿಲ್ಲ. ಕೂರಿಸಿದವನು ನಾನೇ. ಇಳಿಜಾರಿನಲ್ಲಿ ಹಗ್ಗ ಸಡಿಲವಾಯಿತು, ಅವನ ಕಾರು ಪಿಕಪ್ಪಿನ ಬೆನ್ನಿಗೇ ಬಂತು. "ಬ್ರೇಕ್ ಕಲ್ಲಿನ ಹಾಗೆ ಇತ್ತು ಮಾಮ, ಎರಡೂ ಕಾಲು ಇಟ್ಟು ಒತ್ತಿದೆ" ಎಂದು ಆಮೇಲೆ ಹೇಳಿದ. ಬಂಪರ್ ಹೋಯಿತು, ಹುಡುಗನಿಗೆ ಏನೂ ಆಗಲಿಲ್ಲ. ಆ ಮಾತು ಬಂದರೆ ತಂಗಿ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ.

ಬ್ರೇಕ್ ಕೆಟ್ಟಿರಲಿಲ್ಲ. ಬ್ರೇಕಿಗೆ ಬೂಸ್ಟರ್ ಎಂಬುದೊಂದು ಉಂಟು, ಅದು ಎಂಜಿನಿನ ಬಲದಲ್ಲಿ ಕೆಲಸ ಮಾಡುತ್ತದೆ. ಎಂಜಿನ್ ಆಫ್ ಆದ ಮೇಲೆ ಎರಡು ಮೂರು ಸಲ ಒತ್ತಿದರೆ ಮುಗಿಯಿತು, ಮತ್ತೆ ಎಲ್ಲ ನಮ್ಮ ಕಾಲಿನ ಶಕ್ತಿ. ಪವರ್ ಸ್ಟೇರಿಂಗೂ ಭಾರವಾಗುತ್ತದೆ. ಕೀ ತೆಗೆದಿದ್ದರೆ ಸ್ಟೇರಿಂಗ್ ಲಾಕೇ ಆಗಿಬಿಡುತ್ತದೆ. ಅಂದರೆ ಎಳೆಸಿಕೊಳ್ಳುವ ಕಾರು ಓಡಿಸುವುದು ಮಾಮೂಲಿ ಕಾರು ಓಡಿಸುವುದಕ್ಕಿಂತ ಕಷ್ಟ. ಅಲ್ಲಿಗೆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಡ್ರೈವ್ ಮಾಡುವವರು ಬೇಕು. ನಾವು ಕೂರಿಸುವುದು ಎಲ್ಲರಿಗಿಂತ ಸಣ್ಣವನನ್ನು.

ಇದು ನನ್ನ ಹೊಸ ಕಾನೂನಲ್ಲ. 2017ರವರೆಗೆ ಜಾರಿಯಲ್ಲಿದ್ದ 1989ರ ಕೇಂದ್ರ ರಸ್ತೆ ನಿಯಮದಲ್ಲೇ ಇತ್ತು: ಹಿಂದಿನ ಕಾರಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು, ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು, ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು, ಹಿಂದೆ 'ಆನ್ ಟೋ' ಎಂದು ಬರೆದಿರಬೇಕು. ಹೈವೇಯಲ್ಲಿ 60ರಲ್ಲಿ ಎಳೆದುಕೊಂಡು ಹೋಗುವ ಭಾವಂದಿರು ಇದನ್ನು ಓದಲಿ. (ರಿಕ್ಷಾಕ್ಕೆ ಬೈಕಿನಿಂದ ಕಾಲು ಕೊಟ್ಟು ತಳ್ಳುವವರ ಬಗ್ಗೆ ಬರೆಯಲು ಇನ್ನೊಂದು ವಾರ ಬೇಕು.)

ಹಾಗಾದರೆ ಎಳೆಯಲೇಬಾರದಾ? ಎಳೆಯಬಹುದು. ಗೇರ್ ಕೈಯಲ್ಲಿ ಹಾಕುವ ಕಾರು, ಸಮತಟ್ಟು ರಸ್ತೆ, ಹಗಲು, ಒಂದೆರಡು ಕಿಲೋಮೀಟರ್ ಆದರೆ ಸರಿ. ಆಗಲೂ ಹಗ್ಗಕ್ಕಿಂತ ಕಬ್ಬಿಣದ ಟೋ ಬಾರ್ ಎಷ್ಟೋ ಮೇಲು. ಮುಂದಿನವನು ನಿಂತರೆ ಹಿಂದಿನ ಕಾರು ಹೋಗಿ ಗುದ್ದುವುದಿಲ್ಲ, ಹಗ್ಗದ ಹಾಗೆ ಸಡಿಲವಾಗಿ ಮತ್ತೆ ಜಗ್ಗುವುದೂ ಇಲ್ಲ. ಎಳೆಯುವ ಗಾಡಿ ಎಳೆಸಿಕೊಳ್ಳುವುದಕ್ಕಿಂತ ಭಾರ ಇರಲಿ. ಕಟ್ಟುವುದು ಬಂಪರಿಗಲ್ಲ, ಚಕ್ರದ ಹತ್ತಿರದ ರಾಡಿಗೂ ಅಲ್ಲ. ಹೆಚ್ಚಿನ ಹೊಸ ಕಾರುಗಳಲ್ಲಿ ಜಾಕ್ ಇಡುವಲ್ಲೇ ಒಂದು ಕೊಕ್ಕೆ ಇರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಹಾಕಬೇಕು. ಇವತ್ತೇ ಡಿಕ್ಕಿ ತೆಗೆದು ನೋಡಿ, ಉಂಟಾ ಅಂತ. ದಕ್ಕೆಯಿಂದ ತಂದ ಹಳೆಯ ನೈಲಾನ್ ಹಗ್ಗ ಮಾತ್ರ ಬೇಡವೇ ಬೇಡ. ಅದು ಎಳೆದಷ್ಟೂ ಹಿಗ್ಗಿ, ತುಂಡಾದರೆ ಚಾಟಿಯ ಹಾಗೆ ಹಿಂದಕ್ಕೆ ಬರುತ್ತದೆ.

ಆಟೋಮ್ಯಾಟಿಕ್ ಅಥವಾ ಕರೆಂಟಿನ ಕಾರಾದರೆ ಚಕ್ರ ನೆಲಕ್ಕೆ ತಾಗಿಸಿ ಎಳೆಯುವ ಮಾತೇ ಬೇಡ, ಗೇರ್ ಬಾಕ್ಸೋ ಮೋಟರೋ ಸುಟ್ಟೀತು. ಶಿರಾಡಿ, ಚಾರ್ಮಾಡಿಯ ಇಳಿಜಾರಿನಲ್ಲೂ ಬೇಡ, ಯಾವ ಕಾರಾದರೂ ಸರಿ. ರಾತ್ರಿ ಮಳೆಗೂ ಅದೇ ಮಾತು. ಪ್ಲಾಟ್‌ಫಾರ್ಮ್ ಇರುವ ಗಾಡಿಯ ಮೇಲೆ ಹತ್ತಿಸಿ.

ಗಲ್ಫಿನಲ್ಲಿರುವಾಗ ನಾವೇ ಕಾರು ಕೆಟ್ಟ ಕೂಡಲೇ "ರಿಕವರಿ ಕರಿ" ಅನ್ನುವವರು, ದುಡ್ಡು ಕೊಟ್ಟು ಸುಮ್ಮನಾಗುವವರು. ಊರಿಗೆ ಬಂದ ಕೂಡಲೇ ಅದೇ ದುಡ್ಡು ದಂಡ ಅಂತ ಕಾಣುತ್ತದೆ. ಇನ್ಶೂರೆನ್ಸ್ ಕಾಗದ ತೆಗೆದು ನೋಡಿ, ಕೆಲವರ ಪಾಲಿಸಿಯಲ್ಲಿ ಕಾರು ಸಾಗಿಸುವ ಸೌಲಭ್ಯಕ್ಕೆ ಮೊದಲೇ ದುಡ್ಡು ಕಟ್ಟಿ ಆಗಿರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಫೋನ್ ಮಾಡಬಹುದು. ನನ್ನ ಪಿಕಪ್ ಭಾವನ ಫೋನಿನಲ್ಲೂ ಈಗ ಆ ನಂಬರ್ ಉಂಟು. ಹಾಕಿಕೊಟ್ಟದ್ದು ತಂಗಿಯ ಮಗ.