ಗಟ್ಟಿಯಾಗಿ ಓದದ ಪಟ್ಟಿ

2019ರ ಜೂನ್ 30ರ ಬೆಳಿಗ್ಗೆ ಡಲ್ಲಾಸ್ ಪಕ್ಕದ ಅಡಿಸನ್ ವಿಮಾನ ನಿಲ್ದಾಣದಿಂದ ಫ್ಲಾರಿಡಾಕ್ಕೆ ಹೊರಟ ಪುಟ್ಟ ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎಡಕ್ಕೆ ಮಗುಚಿ ಹ್ಯಾಂಗರಿಗೆ ಬಡಿಯಿತು. ಒಳಗಿದ್ದ ಹತ್ತೂ ಜನ ಸತ್ತರು. ಎಡ ಎಂಜಿನ್ನಿನ ಬಲ ಕುಸಿದಿತ್ತು. ಇಂಥ ಸುದ್ದಿಗೆ ನಮ್ಮ ಊಟದ ಮೇಜುಗಳಲ್ಲಿ ಸಿದ್ಧ ಉತ್ತರವೊಂದಿದೆ: "ಎಂಜಿನ್ನೇ ಕೈಕೊಟ್ಟರೆ ಯಾರೇನು ಮಾಡೋಕಾಗುತ್ತೆ? ಹಣೆಬರಹ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದು ಕಿಂಗ್ ಏರ್ 350. ಅದಕ್ಕೆ ಎರಡು ಎಂಜಿನ್ನು. ಒಂದು ನಿಂತರೂ ಇನ್ನೊಂದರ ಮೇಲೆ ಹಾರಬಲ್ಲದು. ಎಡದ್ದು ಸೊರಗಿದರೆ ಮೂತಿ ಎಡಕ್ಕೆ ಎಳೆಯುತ್ತದೆ, ಆಗ ಬಲಗಾಲಿನ ಪೆಡಲ್ ಒತ್ತಬೇಕು. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಪ್ರಕಾರ ಮೊದಲು ಒತ್ತಿದ್ದು ಎಡಗಾಲಿನದು. ತಿದ್ದಿಕೊಳ್ಳುವ ಹೊತ್ತಿಗೆ ಸಮಯ ಮೀರಿತ್ತು.

ಎಂಜಿನ್ ಸೊರಗಿದ್ದೇಕೆಂದು ಕೊನೆಗೂ ಪತ್ತೆಯಾಗಲಿಲ್ಲ. ಆದರೆ ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಹೊರಡುವ ಮುಂಚಿನ ಚೆಕ್‌ಲಿಸ್ಟ್ ಓದಿದ ದನಿಯೇ ಇಲ್ಲ. ಎಂಜಿನ್ ಕೈಕೊಟ್ಟರೆ ಏನು ಮಾಡೋಣ ಎಂಬ ಮಾತೂ ಇಲ್ಲ. ಎಂಜಿನ್ನಿನ ಹಿಡಿಗಳು ತಾವಾಗಿ ಹಿಂದೆ ಸರಿಯದಂತೆ ಬಿಗಿ ಮಾಡಿದೆಯೇ ಎಂದು ನೋಡುವುದೂ ಆ ಪಟ್ಟಿಯ ಒಂದು ಸಾಲು. ಅದರಿಂದಲೇ ಹೀಗಾಯಿತೆಂದು ಮಂಡಳಿ ಹೇಳಿಲ್ಲ, ನಾನೂ ಹೇಳುವುದಿಲ್ಲ.

"ಸಾವಿರಾರು ಗಂಟೆ ಹಾರಿಸಿದವರಿಗೆ ಎಲ್ಲ ಬಾಯಿಪಾಠ ಇರುತ್ತೆ ಬಿಡಿ" ಎನ್ನುತ್ತಾರೆ. ಬಾಯಿಪಾಠವೇ ತೊಂದರೆ, ಸ್ವಾಮಿ. ದಾವಣಗೆರೆಯಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ, ಮೂವತ್ತು ವರ್ಷ ಕ್ಯಾಶ್ ನೋಡಿಕೊಂಡಿದ್ದ ಹಿರಿಯ ಗುಮಾಸ್ತರ ಎದುರು ದುಡ್ಡು ಎಣಿಸಲು ಸಂಕೋಚಪಟ್ಟು, ಎಣಿಸದೆಯೇ ಟಿಕ್ ಹಾಕಿದ್ದೆ. ಆಮೇಲೆ 4,200 ರೂಪಾಯಿ ಕಡಿಮೆ ಬಿತ್ತು. ಅವರು ಕಳ್ಳರಲ್ಲ, ಪಾಪ; ಒಂದು ವೋಚರ್ ಬರೆಯಲು ಮರೆತಿದ್ದರು. ನನಗೆ ಸಿಕ್ಕಿದ್ದು ಬರೀ ಬೈಗುಳ. ಅನುಭವಸ್ಥರನ್ನು ಪರೀಕ್ಷಿಸುವುದು ಅವರಿಗೆ ಅವಮಾನ ಎಂದು ನಮಗೆ ಕಲಿಸಿದವರು ಯಾರೋ! ವಿಮಾನವೇ ಇರಲಿ, ಆಸ್ಪತ್ರೆಯೇ ಇರಲಿ, ಹಿರಿಯರ ಮುಖ ನೋಡಿ ಸುಮ್ಮನಾಗುತ್ತೇವೆ. ಅನಾಹುತವಾದ ಮೇಲೆ ಬ್ರಹ್ಮನ ಹೆಸರಿಗೆ ಖರ್ಚು ಬರೆಯುತ್ತೇವೆ.

ಇಲ್ಲಿನ ನಮ್ಮವರಲ್ಲೂ ಶನಿವಾರ ಭಾನುವಾರ ವಿಮಾನ ಹಾರಿಸಲು ಕಲಿಯುವವರಿದ್ದಾರೆ. "ಬನ್ನಿ, ಒಂದು ಸುತ್ತು ಹಾಕಿಸ್ತೀನಿ" ಎಂದು ಕರೆದರೆ ಖಂಡಿತ ಹೋಗುತ್ತೇನೆ. ಆದರೆ ಪಟ್ಟಿಯ ಪ್ರತಿ ಸಾಲೂ ಗಟ್ಟಿಯಾಗಿ ನನ್ನ ಕಿವಿಗೆ ಬೀಳಬೇಕು. ಅವರಿಗೆ ಬೇಸರವಾದರೆ ಇಳಿದು ಕಾರು ಹತ್ತುತ್ತೇನೆ.