ಮಾಡಿ ನೋಡಿ: ಸುಳ್ಳು ಹೇಳದ ಸಿಗ್ನಲ್

ಮಕ್ಕಳೇ, ಆಟದ ರೈಲಿನ ಹಳಿ ಒಂದು ಕಡೆ ಎರಡಾಗಿ ಕವಲೊಡೆಯುತ್ತದಲ್ಲ, ಆ ಜಾಗಕ್ಕೆ ‘ಪಾಯಿಂಟ್’ ಎನ್ನುತ್ತಾರೆ. ಕವಲಿನಲ್ಲಿ ಗೂಡ್ಸ್ ಗಾಡಿ ನಿಂತಿದೆ, ಪಾಯಿಂಟ್ ಅದರ ಕಡೆಗೇ ತಿರುಗಿದೆ. ನೀವು ಗಮನಿಸದೆ ಎಕ್ಸ್‌ಪ್ರೆಸ್ ಬಿಟ್ಟರೆ ಢೀ! ಪಾಯಿಂಟ್ ಯಾವ ಕಡೆಗಿದೆ ಎಂದು ದೂರದಿಂದಲೇ ತಿಳಿಸುವ ದೀಪಗಳನ್ನು ಈ ವಾರ ಅಜ್ಜ ಅಥವಾ ಅಜ್ಜಿಯ ಜೊತೆ ಕೂತು ಮಾಡೋಣ.

ಬೇಕಾಗುವ ಸಾಮಾನು: ಕೆಂಪು ಎಲ್‌ಇಡಿ, ಹಸಿರು ಎಲ್‌ಇಡಿ, 470 ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಂದು ಪಟ್ಟಿ ಇರುವುದು), 9 ವೋಲ್ಟ್ ಬ್ಯಾಟರಿ, ಮೂರು ಕಾಲಿನ ಸ್ಲೈಡ್ ಸ್ವಿಚ್, ವೈರ್, ಇನ್ಸುಲೇಶನ್ ಟೇಪ್. ಗೋಡೆಯ ಪ್ಲಗ್ಗಿನ ಕರೆಂಟು ಈ ಆಟಕ್ಕೆ ಖಂಡಿತ ಬೇಡ.

ಜೋಡಿಸುವುದು ಹೀಗೆ: ಬ್ಯಾಟರಿಯ ಪ್ಲಸ್‌ನಿಂದ ರೆಸಿಸ್ಟರ್‌ಗೆ, ಅಲ್ಲಿಂದ ಸ್ವಿಚ್ಚಿನ ನಡುವಿನ ಕಾಲಿಗೆ ವೈರ್ ಕೊಡಿ. ಸ್ವಿಚ್ಚಿನ ಒಂದು ತುದಿಯ ಕಾಲನ್ನು ಕೆಂಪು ಎಲ್‌ಇಡಿಯ ಉದ್ದ ಕಾಲಿಗೆ, ಇನ್ನೊಂದನ್ನು ಹಸಿರಿನ ಉದ್ದ ಕಾಲಿಗೆ ಸೇರಿಸಿ. ಎರಡೂ ಎಲ್‌ಇಡಿಗಳ ಗಿಡ್ಡ ಕಾಲುಗಳನ್ನು ಒಟ್ಟು ಮಾಡಿ ಬ್ಯಾಟರಿಯ ಮೈನಸ್‌ಗೆ ಕೊಡಿ. ಪ್ರತಿ ಜೋಡಣೆಗೂ ಟೇಪ್ ಸುತ್ತಿ. ಎಲ್‌ಇಡಿ ಉರಿಯದಿದ್ದರೆ ಕಾಲು ಅದಲುಬದಲಾಗಿದೆಯೇ ನೋಡಿ; ಅದರಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ.

ರೆಸಿಸ್ಟರ್ ಏಕೆ? ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ಉಳಿದ 7 ವೋಲ್ಟನ್ನು ರೆಸಿಸ್ಟರ್ ಹೊತ್ತುಕೊಳ್ಳುತ್ತದೆ. 7ನ್ನು 470ರಿಂದ ಭಾಗಿಸಿದರೆ ಸುಮಾರು 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ರೆಸಿಸ್ಟರ್ ಇಲ್ಲದಿದ್ದರೆ ಎಲ್‌ಇಡಿ ಸುಟ್ಟೇ ಹೋದೀತು. ಒಂದು ಸಲಕ್ಕೆ ಒಂದೇ ದೀಪ ಉರಿಯುವುದರಿಂದ ಎರಡಕ್ಕೂ ಒಂದೇ ರೆಸಿಸ್ಟರ್ ಸಾಕು.

ಈಗ ಮುಖ್ಯ ಮಾತು. ಸ್ವಿಚ್ಚನ್ನು ಕೈಯಿಂದ ಒತ್ತುವಂತೆ ಇಟ್ಟರೆ, ಪಾಯಿಂಟ್ ತಿರುಗಿಸಿ ಸ್ವಿಚ್ ಮರೆತ ದಿನ ದೀಪ ಸುಳ್ಳು ಹೇಳುತ್ತದೆ. ಆದ್ದರಿಂದ ಸ್ವಿಚ್ಚನ್ನು ಪಾಯಿಂಟಿನ ಪಕ್ಕದಲ್ಲೇ ಅಂಟಿಸಿ, ಅದರ ಗುಬುಟನ್ನು ಪಾಯಿಂಟಿನ ಹಿಡಿಗೆ ಗಟ್ಟಿ ಸರಿಗೆಯಿಂದ ಸೇರಿಸಿ. ಸರಿಗೆಯ ನಡುವೆ ಒಂದು ಬಾಗು ಇರಲಿ. ಎರಡರ ಚಲನೆಯಲ್ಲಿ ಹೆಚ್ಚುಕಡಿಮೆ ಇದ್ದರೂ ಅದು ಹೊಂದಿಸಿಕೊಳ್ಳುತ್ತದೆ. ಹಳಿ ನೇರಕ್ಕಿದ್ದರೆ ಹಸಿರು, ಕವಲಿಗೆ ತಿರುಗಿದರೆ ಕೆಂಪು. ಇನ್ನು ದೀಪ ಹೇಳುವುದು ನಿಮ್ಮ ನೆನಪನ್ನಲ್ಲ, ಹಳಿಯನ್ನು.

ಎರಡೂ ಆರಿದ್ದರೆ? ಹಳೆಯ ಕೈಮರವನ್ನು ಅಜ್ಜ ಅಜ್ಜಿ ನೋಡಿರುತ್ತಾರೆ, ಕೇಳಿ. ಕೈ ಅಡ್ಡ ನಿಂತರೆ ‘ನಿಲ್ಲು’, ಕೆಳಗೆ ಬಾಗಿದರೆ ‘ಹೊರಡು’. ಎಳೆಯುವ ತಂತಿ ತುಂಡಾದರೆ ಎದುರುಭಾರದಿಂದ ಕೈ ತಾನಾಗಿ ಅಡ್ಡಕ್ಕೆ ಮರಳುತ್ತಿತ್ತು. ಕೆಟ್ಟರೂ ‘ನಿಲ್ಲು’ ಎಂದೇ ಹೇಳಬೇಕು! ಇಂದಿಗೂ ನಿಲ್ಲಿಸುವ ಸಿಗ್ನಲ್‌ನಲ್ಲಿ ದೀಪವೇ ಇಲ್ಲದಿದ್ದರೆ ಚಾಲಕರು ಅದನ್ನು ಕೆಂಪೆಂದೇ ತಿಳಿಯಬೇಕು. ನಿಮ್ಮ ರೈಲಿಗೂ ಅದೇ ನಿಯಮವಿರಲಿ.

ಲೆಕ್ಕ ಹಾಕಿ: ಹಸಿರು ಎಲ್‌ಇಡಿಗೆ 3 ವೋಲ್ಟ್ ಬೇಕಾದರೆ, ಅದರಲ್ಲಿ ಹರಿಯುವ ಕರೆಂಟು ಎಷ್ಟು? (ಉತ್ತರ: ಸುಮಾರು 13 ಮಿಲಿಆಂಪಿಯರ್)