ನೀಮನ್ ನದಿಯ ಆಚೆಯ ದಡ

ಗೃಹಸ್ಥನಿಗೆ ಹೇಳಿರುವ ವ್ರತಗಳಲ್ಲಿ ದಿಗ್ವ್ರತವು ಬಹುಮಂದಿಗೆ ಅಷ್ಟಾಗಿ ಪರಿಚಿತವಲ್ಲ. ಹತ್ತು ದಿಕ್ಕುಗಳಲ್ಲಿಯೂ ‘ಇಲ್ಲಿಯವರೆಗೆ ಮಾತ್ರ, ಇದರಾಚೆಗೆ ಹೋಗೆನು’ ಎಂದು ಜೀವಾವಧಿ ಎಲ್ಲೆ ಕಟ್ಟಿಕೊಳ್ಳುವುದೇ ಈ ವ್ರತ. ಸಮುದ್ರ, ನದಿ, ಕಾಡು, ಬೆಟ್ಟ ಮೊದಲಾದ ಪ್ರಸಿದ್ಧ ಗುರುತುಗಳನ್ನು ಎಲ್ಲೆಗಳೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಹೇಳಿದ್ದಾರೆ. ವಿಮಾನದಲ್ಲಿ ತಿರುಗುವ ಈ ಕಾಲಕ್ಕೆ ಇದು ವಿಚಿತ್ರವಾಗಿ ಕಂಡೀತು. ನನಗಾದರೋ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್‌ನ ಚರಿತ್ರೆಯನ್ನು ಓದುವಾಗಲೆಲ್ಲ ಈ ವ್ರತವೇ ನೆನಪಾಗುತ್ತದೆ.

1769ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದ ಈತ 35ನೆಯ ವಯಸ್ಸಿನಲ್ಲಿ, 1804ರ ಡಿಸೆಂಬರ್ 2ರಂದು, ಪೋಪ್ ಎದುರಿನಲ್ಲೇ ತನ್ನ ಕೈಯಿಂದಲೇ ಕಿರೀಟವನ್ನು ತಲೆಗೇರಿಸಿಕೊಂಡ. ಮರುವರ್ಷ ಅದೇ ದಿನ ಆಸ್ಟರ್ಲಿಟ್ಸ್‌ನಲ್ಲಿ ಆಸ್ಟ್ರಿಯಾ ಮತ್ತು ರಷ್ಯಾದ ಸೇನೆಗಳನ್ನು ಮುರಿದ. ಅವನ ಪ್ರತಿಭೆಯನ್ನು ಅಲ್ಲಗಳೆಯಲಾಗದು. ಅವನು ಜಾರಿಗೆ ತಂದ ನಾಗರಿಕ ಸಂಹಿತೆ ಅನೇಕ ದೇಶಗಳ ಕಾನೂನಿಗೆ ತಳಹದಿಯಾಯಿತು. (1802ರಲ್ಲಿ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಊರ್ಜಿತಗೊಳಿಸಿದವನೂ ಅವನೇ ಎಂಬುದನ್ನು ಅವನ ಅಭಿಮಾನಿಗಳು ಮರೆಯುತ್ತಾರೆ.)

ಅವನ ಪತನವನ್ನು ವಾಟರ್‌ಲೂವಿನಲ್ಲಿ ಹುಡುಕುವುದು ವಾಡಿಕೆ. ನನ್ನ ಎಣಿಕೆಯಲ್ಲಿ ಅದು ನೀಮನ್ ನದಿಯ ದಡದಲ್ಲಿಯೇ ಆಗಿಹೋಯಿತು. 1807ರ ಜೂನ್ 25ರಂದು ಆ ನದಿಯ ನಡುವೆ ತೆಪ್ಪದ ಮೇಲೆ ರಷ್ಯಾದ ತ್ಸಾರ್ ಅಲೆಕ್ಸಾಂಡರನನ್ನು ಭೇಟಿಮಾಡಿ ಅವನು ಸ್ನೇಹ ಬೆಳೆಸಿದ್ದ. ಐದು ವರ್ಷ ತುಂಬುತ್ತಿದ್ದಂತೆ, 1812ರ ಜೂನ್ 24ರಂದು, ಅದೇ ನದಿಯನ್ನು ಅವನ ಸೇನೆ ದಾಟತೊಡಗಿತು. ಇಟ್ಟುಕೊಂಡ ಎಲ್ಲೆಯನ್ನು ಹಿಗ್ಗಿಸುವುದು, ಎಲ್ಲೆಯನ್ನೇ ಮರೆತುಬಿಡುವುದು, ಇವೆರಡನ್ನೂ ತತ್ತ್ವಾರ್ಥಸೂತ್ರವು ದಿಗ್ವ್ರತದ ಅತಿಚಾರಗಳಲ್ಲಿ ಎಣಿಸಿದೆ. ವ್ರತವಿಲ್ಲದವನಿಗೆ ಅತಿಚಾರವೆಲ್ಲಿಯದು ಎನ್ನಬಹುದು, ನಿಜ. ಆದರೆ ಮರೆವಿನ ಬೆಲೆಯನ್ನು ತೆತ್ತವರು ಯಾರು? ಸುಮಾರು ಆರು ಲಕ್ಷ ಮಂದಿಯ ಆ ದಂಡಿನಲ್ಲಿ ಬಹುಪಾಲು ಮರಳಲಿಲ್ಲ. ಬೇಸಿಗೆಯ ಮಳೆಯಲ್ಲಿ, ಎಳಸು ಹಸಿಮೇವು ತಿಂದು, ಮೊದಲ ದಿನಗಳಲ್ಲಿಯೇ ಸಾವಿರಾರು ಕುದುರೆಗಳು ಬಿದ್ದವು. ಆ ಮೂಕಪ್ರಾಣಿಗಳ ಲೆಕ್ಕವನ್ನು ಚರಿತ್ರೆ ಒಂದೇ ಸಾಲಿನಲ್ಲಿ ಮುಗಿಸುತ್ತದೆ.

ಚಕ್ರವರ್ತಿಗೆ ಅವನ ಕರ್ಮಫಲ ದೊರಕಿತೆಂದು ನಾವು ಸುಮ್ಮನಾಗುವುದೂ ನನಗೆ ಸಮ್ಮತವಲ್ಲ. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ: ಮಾಡಿದ್ದು, ಮಾಡಿಸಿದ್ದು, ಮೆಚ್ಚಿದ್ದು. ಮೊದಲೆರಡು ಅವನ ಮತ್ತು ಅವನ ಸೈನಿಕರ ಪಾಲಿನವು. ಮೂರನೆಯದು? ಆಸ್ಟರ್ಲಿಟ್ಸ್‌ನ ವ್ಯೂಹವನ್ನು ಓದುತ್ತ ಯೌವನದಲ್ಲಿ ನಾನೂ ರೋಮಾಂಚಗೊಂಡಿದ್ದೇನೆ. ಸತ್ತವರ ಸಂಖ್ಯೆ ಆಗ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮಕ್ಕಳಿಗೆ ಅವನನ್ನು ಛಲಕ್ಕೆ ಆದರ್ಶವೆಂದು ತೋರಿಸುವ ನಮ್ಮ ವೇದಿಕೆಗಳು ಈ ಮೂರನೆಯದನ್ನು ಯೋಚಿಸಬೇಡವೆ?

1814ರಲ್ಲಿ ಶತ್ರುಗಳು ಅವನಿಗೆ ಎಲ್ಬಾ ದ್ವೀಪವನ್ನು ಕೊಟ್ಟು ಎಲ್ಲೆ ಹಾಕಿದರು. ಪರರು ಹಾಕಿದ ಎಲ್ಲೆ ವ್ರತವಾಗದಷ್ಟೆ. ಹತ್ತು ತಿಂಗಳೊಳಗೆ ಅವನು ಅದನ್ನು ದಾಟಿದ. 1815ರ ಜೂನ್ 18ರಂದು ವಾಟರ್‌ಲೂವಿನಲ್ಲಿ ಸೋತ ಬಳಿಕ ಸೇಂಟ್ ಹೆಲೆನಾ ದ್ವೀಪದ ಸೆರೆ. 1821ರ ಮೇ 5ರಂದು, 51ನೆಯ ವಯಸ್ಸಿನಲ್ಲಿ, ಅಲ್ಲಿಯೇ ಮರಣ.

ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿ ವೃಷಭಾಚಲದ ಬಂಡೆಯ ಮೇಲೆ ಹೆಸರು ಕೆತ್ತಿಸಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿದ್ದಿತು. ಒಂದನ್ನು ಅಳಿಸಿಯೇ ತನ್ನದನ್ನು ಬರೆಸಬೇಕಾಯಿತೆಂದು ಆದಿಪುರಾಣದ ಕಥೆ. ಸೇಂಟ್ ಹೆಲೆನಾದಲ್ಲಿ ಬಂಡೆ ಬರಿದಾಗಿಯೇ ಇತ್ತು. ‘ನೆಪೋಲಿಯನ್’ ಎಂದಷ್ಟೇ ಕೆತ್ತಿಸಬೇಕೆಂದು ಅವನ ಸಂಗಡಿಗರು, ‘ಬೋನಪಾರ್ಟೆ’ ಎಂಬುದೂ ಸೇರಬೇಕೆಂದು ಇಂಗ್ಲಿಷ್ ಗವರ್ನರ್. ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಹೆಸರೇ ಇಲ್ಲದ ಚಪ್ಪಡಿಯನ್ನು ಗೋರಿಯ ಮೇಲೆ ಮುಚ್ಚಿದರು.